ಮೂವರನ್ನ ಕರೆದ್ವಿ, ಇಬ್ಬರು ಬಂದ್ರು: ಉಕ್ರೇನಿನ ಮ್ಯೂರಲ್ ಕಲಾವಿದರ ಜೊತೆ ಬರ್ಲಿನ್‌ನಲ್ಲಿ ಆರು ವಾರ

2023ರ ಆಗಸ್ಟ್ 14ರಿಂದ ಸೆಪ್ಟೆಂಬರ್ 24ರವರೆಗೆ, ಸರಿಯಾಗಿ ಆರು ವಾರ, ಬರ್ಲಿನ್ ಊರಿನ ಪೂರ್ವಕ್ಕಿರೋ ಲಿಶ್ಟನ್‌ಬರ್ಗ್‌ನಲ್ಲಿ ನಡೆದ ಒಂದು ಅರ್ಬನ್ ಆರ್ಟ್ ರೆಸಿಡೆನ್ಸಿ (ಕಲಾವಿದರನ್ನ ಕರೆಸಿ, ಉಳಿಸ್ಕೊಂಡು, ಊರಿನ ಗೋಡೆಗಳ ಮೇಲೆ ಮ್ಯೂರಲ್ ಅನ್ನೋ ದೊಡ್ಡ ಚಿತ್ರ ಬರೆಸೋ ಕಾರ್ಯಕ್ರಮ) ಬಗ್ಗೆ ಬರೀತಿದೀನಿ. ನಾನು ಅಲ್ಲಿ ಪ್ರೊಡಕ್ಷನ್ ನೋಡ್ಕೊಳ್ತಿದ್ದೆ, ಅಂದ್ರೆ ಗೋಡೆ ಮಾಲೀಕರ ಒಪ್ಪಿಗೆ, ಕಲಾವಿದರನ್ನ ಬುಟ್ಟೀಲಿ ಮೇಲೆತ್ತೋ ಲಿಫ್ಟು, ಪೇಂಟು, ಇನ್ಶೂರೆನ್ಸು, ಕಲಾವಿದರ ರೂಮು, ಊಟ, ಟ್ರೈನ್ ಟಿಕೆಟ್ಟು ಎಲ್ಲಾ ನನ್ನ ತಲೆ ಮೇಲೇ. ಸಾಗರ ತಾಲೂಕಿನವಳು ನಾನು, ಇಲ್ಲಿಗೆ ಬಂದು ಹತ್ತು ವರ್ಷ ಆಯ್ತು. ನಾಲ್ಕು ದೇಶದ ಕಲಾವಿದರು, ನಾಲ್ಕು ಗೋಡೆ. ಬೇರೆ ಮೂರು ಗೋಡೆ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಪ್ಲಾನ್ ಹಾಕಿದ ಹಾಗೇ ಮುಗಿದ್ವು. ಉಕ್ರೇನ್ ತಂಡದ ಗೋಡೆ ಮಾತ್ರ ಶುರುವಿಂದ ಕೊನೆವರೆಗೂ ನಾವು ಅಂದ್ಕೊಂಡಿದ್ದನ್ನೆಲ್ಲ ಒಂದೊಂದಾಗಿ ತಪ್ಪು ಅಂತ ತೋರಿಸ್ತಾ ಹೋಯ್ತು. ಇಂಥ ಕೆಲಸಕ್ಕೆ ಕೈ ಹಾಕೋರಿಗೆ ಉಪಯೋಗ ಆಗ್ಲಿ ಅಂತ ಬಿಡಿಸಿ ಹೇಳ್ತೀನಿ. ಕಲಾವಿದರ ಹೆಸರು ಹಾಕಲ್ಲ, ಅವರ ಮನೆಮಂದಿ ಇನ್ನೂ ಅಲ್ಲೇ ಇದಾರೆ. ಸಂಸ್ಥೆ ಹೆಸರೂ ಬೇಡ.

ತಂಡದಲ್ಲಿ ಮೂರು ಜನ. ಖಾರ್ಕಿವ್‌ನ ಒಬ್ಬ ಕಲಾವಿದೆ, ನಲವತ್ತರ ಹತ್ತಿರ ವಯಸ್ಸು. ಅದೇ ಊರಿನ ಅವರ ಜೊತೆಗಾರ, ಇಬ್ಬರೂ ಸೇರಿ ಎಷ್ಟೋ ವರ್ಷದಿಂದ ಗೋಡೆ ಮಾಡ್ತಿದಾರೆ, ಸ್ಕೆಚ್ ಆತಂದು, ಬಣ್ಣ ಇವರದು. ಮೂರನೆಯವಳು ದ್ನಿಪ್ರೋ ಕಡೆಯ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಅಸಿಸ್ಟೆಂಟ್ ಆಗಿ ಬರೋಳು. ನಾವು ಮೂವರಿಗೂ ಇನ್ವಿಟೇಶನ್ ಲೆಟರ್ ಕಳಿಸಿದ್ದು ಜೂನ್ ತಿಂಗಳಲ್ಲಿ. ನಮ್ಮ ತಲೇಲಿ ಇದ್ದಿದ್ದು ವೀಸಾ ಒಂದೇ, ಅದಂತೂ ಬೇಕಾಗಿರ್ಲಿಲ್ಲ, ಯಾಕಂದ್ರೆ 2017ರ ಜೂನ್‌ನಿಂದ ಬಯೋಮೆಟ್ರಿಕ್ ಪಾಸ್‌ಪೋರ್ಟ್ ಇರೋ ಉಕ್ರೇನಿನವರು 180 ದಿನದಲ್ಲಿ 90 ದಿನ ಯುರೋಪಿನ ಷೆಂಗೆನ್ ದೇಶಗಳಲ್ಲಿ ವೀಸಾ ಇಲ್ದೆ ಇರಬಹುದು. ಸರಿ, ತೊಂದರೆ ಇಲ್ಲ ಅಂದ್ಕೊಂಡ್ವಿ. ಆದ್ರೆ 2022ರ ಫೆಬ್ರವರಿ 24ಕ್ಕೆ ಅಲ್ಲಿ ಮಾರ್ಷಲ್ ಲಾ ಬಂದಾಗಿನಿಂದ ಆಗ 18ರಿಂದ 60 ವಯಸ್ಸಿನ ಗಂಡಸರು ವಿಶೇಷ ಅನುಮತಿ ಇಲ್ದೆ ದೇಶ ಬಿಟ್ಟು ಹೋಗೋ ಹಾಗಿರ್ಲಿಲ್ಲ. ಕಲಾವಿದರಿಗೆ ಅಲ್ಲಿನ ಸಂಸ್ಕೃತಿ ಇಲಾಖೆ ಮೂಲಕ ಕೇಳೋ ದಾರಿ ಇತ್ತು, ಆದ್ರೆ ಕೇಳಿದವರಿಗೆಲ್ಲ ಸಿಗ್ತಿರ್ಲಿಲ್ಲ. ಇದು ಪೇಪರ್ ಓದೋ ಯಾರಿಗಾದ್ರೂ ಗೊತ್ತಿರೋ ವಿಷಯ, ನನಗೂ ಗೊತ್ತಿತ್ತು, ಆದ್ರೂ ನಮ್ಮ ಲೆಟರ್‌ನಲ್ಲಿ ಬರೀ "ನಿಮ್ಮನ್ನ ಆಹ್ವಾನಿಸಲು ಸಂತೋಷ" ಅಂತ ಮೂರು ಸಾಲು. ಯಾವತ್ತಿಂದ ಯಾವತ್ತಿಗೆ, ಏನು ಕೆಲಸ, ಯಾವತ್ತು ವಾಪಸ್, ಖರ್ಚು ಯಾರದ್ದು, ಈತನೇ ಯಾಕೆ ಬೇಕು, ಒಂದೂ ಬರೆದಿರ್ಲಿಲ್ಲ. ಜುಲೈ ಮಧ್ಯದಲ್ಲಿ ಅವರೇ ಕೇಳಿದ ಮೇಲೆ ಎರಡು ಪುಟದ ಲೆಟರ್ ಮಾಡಿ ಕಳಿಸಿದ್ವಿ, ತಡ ಆಗಿತ್ತು. ಆಗಸ್ಟ್ 14 ಬಂದ್ರೂ ಆ ಜೊತೆಗಾರನಿಗೆ ಉತ್ತರ ಬಂದಿರ್ಲಿಲ್ಲ, ಆತ ಅಲ್ಲೇ ಉಳಿದ್ರು. ಲೆಟರ್ ಮೊದಲೇ ಸರಿಯಾಗಿ ಬರೆದಿದ್ರೆ ಬಿಡ್ತಿದ್ರೋ ಇಲ್ವೋ ಅನ್ನೋದು ಬೇರೆ ಮಾತು, ಕೇಳೋ ಅವಕಾಶವನ್ನಂತೂ ನಾವೇ ಹಾಳು ಮಾಡಿದ್ವಿ, ಅದು ಇವತ್ತಿಗೂ ನನಗೆ ಚುಚ್ಚುತ್ತೆ.

ಇಬ್ಬರು ಹೆಂಗಸರು ಬಂದ್ರು. ಯುದ್ಧ ಶುರುವಾದಾಗಿನಿಂದ ಉಕ್ರೇನಿನ ಆಕಾಶದಲ್ಲಿ ಪ್ರಯಾಣಿಕರ ವಿಮಾನ ಇಲ್ಲ, ಹಾಗಾಗಿ ಖಾರ್ಕಿವ್‌ನಿಂದ ಕೀವ್, ಅಲ್ಲಿಂದ ಪೋಲೆಂಡ್ ಗಡಿಯ ಪ್ಶೆಮಿಶ್ಲ್, ಅಲ್ಲಿ ಇಳಿದು ಬೇರೆ ಟ್ರೈನು, ಯಾಕಂದ್ರೆ ಉಕ್ರೇನಿನ ಹಳಿ 1520 ಮಿಲಿಮೀಟರ್ ಅಗಲ, ಪೋಲೆಂಡಿಂದು 1435. ಪಾಸ್‌ಪೋರ್ಟ್ ಕ್ಯೂ ಸೇರಿ ಎರಡು ರಾತ್ರಿ. ನಾವು ಆ ಸಂಜೆಗೇ ಸ್ವಾಗತದ ಊಟ ಇಟ್ಟಿದ್ವಿ, ಎಲ್ಲ ಕಲಾವಿದರು, ದುಡ್ಡು ಕೊಟ್ಟವರು, ಫೋಟೋಗ್ರಾಫರ್ ಎಲ್ಲ. ಸ್ಟೇಷನ್ನಿಗೆ ಕರ್ಕೊಂಡು ಬರೋಕೆ ಹೋದಾಗ ಅವರ ಮುಖ ನೋಡಿ ನಾನೇ ಫೋನ್ ಮಾಡಿ ಇವರಿಬ್ಬರು ಬರಲ್ಲ ಅಂದೆ. ಅವರು ಹದಿನಾಲ್ಕು ಗಂಟೆ ನಿದ್ದೆ ಮಾಡಿದ್ರು. ಈಗ ನಾನು ಯಾರೇ ಬರಲಿ, ಮೊದಲ ಎರಡು ದಿನ ಕ್ಯಾಲೆಂಡರ್ ಖಾಲಿ ಬಿಡ್ತೀನಿ, ಫ್ರಿಜ್ ತುಂಬಿಸಿ ಕೀ ಕೊಟ್ಟು ಹೊರಡ್ತೀನಿ.

ಇನ್ನೊಂದು ಚಿಕ್ಕದು ಅನ್ಸುತ್ತೆ, ಆದ್ರೆ ಚಿಕ್ಕದಲ್ಲ. ದುಭಾಷಿ ಅಂತ ನಾವು ಹಿಡಿದಿದ್ದ ವಾಲಂಟಿಯರ್‌ಗೆ ಬರ್ತಿದ್ದಿದ್ದು ರಷ್ಯನ್. ಖಾರ್ಕಿವ್ ಹೆಚ್ಚಾಗಿ ರಷ್ಯನ್ ಮಾತಾಡೋ ಊರೇ, ನಮ್ಮ ಖಾರ್ಕಿವ್ ಕಲಾವಿದೆ (ಮುಂದೆ ಇವರನ್ನ ಖಾರ್ಕಿವ್‌ನವರು ಅಂತಲೇ ಕರೀತೀನಿ) ಮನೇಲಿ ಬೆಳೆದಿದ್ದೂ ಅದೇ ಭಾಷೇಲಿ, ಆದ್ರೆ 2022ರ ನಂತರ ಅಲ್ಲಿ ಬಹಳ ಜನ ಮನಸಾರೆ ಉಕ್ರೇನಿಯನ್‌ಗೆ ಬಂದಿದಾರೆ, ಇವರೂ ಹಾಗೇ. ಅವರು ಏನೂ ಗಲಾಟೆ ಮಾಡ್ಲಿಲ್ಲ, ಇಂಗ್ಲಿಷ್‌ನಲ್ಲಿ ಮಾತಾಡೋಣ, ನಿಧಾನಕ್ಕೆ ಮಾತಾಡ್ತೀನಿ ಅಂದ್ರು ಅಷ್ಟೆ. ಬೆಂಗಳೂರಲ್ಲಿ ಕನ್ನಡದವರ ಹತ್ರ ಬಂದು "ನಿಮಗೆ ಹಿಂದಿ ಅರ್ಥ ಆಗುತ್ತಲ್ಲ" ಅನ್ನೋರನ್ನ ಕಂಡವಳು ನಾನು, ಕೇಳಬೇಕು ಅಂತ ನನಗೇ ಹೊಳೆದಿರ್ಲಿಲ್ಲ ನೋಡಿ.

ಈಗ ಗೋಡೆ. ಪೂರ್ವ ಜರ್ಮನಿ ಕಾಲದ ಪ್ಯಾನೆಲ್ ಕಟ್ಟಡ, ಡಬ್ಲ್ಯುಬಿಎಸ್ 70 ಅಂತ ಇಲ್ಲಿಯವರು ಕರೆಯೋ ಸರಣಿ, ಕಾಂಕ್ರೀಟ್ ಹಲಗೆಗಳನ್ನ ಫ್ಯಾಕ್ಟರೀಲಿ ಎರಕ ಹೊಯ್ದು ತಂದು ಜೋಡಿಸಿದ್ದು. ಆರು ಮಹಡಿ, ಕಿಟಕಿ ಇಲ್ಲದ ಪಕ್ಕದ ಗೋಡೆ, 12 ಮೀಟರ್ ಅಗಲ, 17 ಮೀಟರ್ ಎತ್ತರ, ದಕ್ಷಿಣಕ್ಕೆ ಮುಖ. ಮೊದಲ ದಿನ ಕರ್ಕೊಂಡು ಹೋದಾಗ ಖಾರ್ಕಿವ್‌ನವರು ಸುಮಾರು ಹೊತ್ತು ಮಾತಾಡ್ಲೇ ಇಲ್ಲ, ಹಲಗೆಗಳ ಸಂದುಗಳನ್ನ ಬೆರಳಲ್ಲಿ ಎಣಿಸ್ತಾ ಇದ್ರು. ಅವರು ಹುಟ್ಟಿ ಬೆಳೆದಿದ್ದು ಸಾಲ್ಟಿವ್ಕಾದಲ್ಲಿ. ಖಾರ್ಕಿವ್‌ನ ಆ ಬಡಾವಣೆ ಪೂರ್ತಿ ಇಂಥದ್ದೇ ಸೋವಿಯತ್ ಪ್ಯಾನೆಲ್ ಕಟ್ಟಡಗಳು, ಲಕ್ಷಾಂತರ ಜನ ಇರೋ ಜಾಗ, ಅದರ ಉತ್ತರದ ಭಾಗ 2022ರಲ್ಲಿ ತಿಂಗಳುಗಟ್ಟಲೆ ಶೆಲ್ ತಿಂದಿದ್ದು. "ನಮ್ಮ ಕಟ್ಟಡ ಸೀಳಿದಾಗ ಇದೇ ಸಂದಲ್ಲಿ ಬಿಟ್ಕೊಂಡಿತ್ತು" ಅಂತ ಒಂದು ಕಡೆ ಕೈ ಇಟ್ಟು ಹೇಳಿದ್ರು. ನಾವು ಆ ಗೋಡೆ ಆರಿಸಿದ್ದು ಮೆಟ್ರೋಗೆ ಹತ್ತಿರ ಅಂತ.

ಅವರು ತಂದಿದ್ದ ಸ್ಕೆಚ್ಚು ರಾತ್ರಿ. 2022ರ ಅಕ್ಟೋಬರ್‌ನಿಂದ ರಷ್ಯಾ ಉಕ್ರೇನಿನ ಕರೆಂಟ್ ವ್ಯವಸ್ಥೆ ಮೇಲೆ ಮಿಸೈಲ್ ಹಾಕೋಕೆ ಶುರು ಮಾಡಿದ ಚಳಿಗಾಲ ಇದ್ಯಲ್ಲ, ಆ ಚಳಿಗಾಲದ ಒಂದು ಪ್ಯಾನೆಲ್ ಕಟ್ಟಡ, ಪೂರ್ತಿ ಕಪ್ಪು, ಅದರಲ್ಲಿ ಮೂವತ್ತು ಕಿಟಕಿ, ಒಂದೊಂದರಲ್ಲಿ ಒಂದೊಂದು ಥರದ ಬೆಳಕು: ಮೇಣದಬತ್ತಿ, ಹಣೆಗೆ ಕಟ್ಕೊಳ್ಳೋ ಟಾರ್ಚು, ಪವರ್ ಬ್ಯಾಂಕಿಗೆ ಚುಚ್ಚಿದ ಎಲ್‌ಇಡಿ ಮಾಲೆ, ಗ್ಯಾಸ್ ಒಲೆಯ ನೀಲಿ. ಕಿಟಕಿ ಇಲ್ಲದ ಗೋಡೆಗೆ ಕಿಟಕಿ. ನನಗೆ ನೋಡಿದ ತಕ್ಷಣ ಮೈ ಜುಂ ಅಂತು. ಗೋಡೆ ಮಾಲೀಕರ ಇಂಜಿನಿಯರ್ ನೋಡಿ ಆಗಲ್ಲ ಅಂದ್ಬಿಟ್ರು.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು, ಮ್ಯೂರಲ್ ಮಾಡಿಸೋರು ಬಹಳ ಜನ ಇಲ್ಲೇ ಎಡವೋದು. ಇಲ್ಲಿನ ಹಳೇ ಕಟ್ಟಡಗಳಿಗೆ ಹೊರಗಿಂದ ಥರ್ಮಾಕೋಲ್ ಹಾಸಿ ಮೇಲೆ ತೆಳ್ಳಗೆ ಗಾರೆ ಎಳೆದಿರ್ತಾರೆ, ಚಳಿ ತಡೆಯೋಕೆ. ಗಟ್ಟಿ ಕಾಂಕ್ರೀಟ್ ಆಗಿದ್ರೆ ಬಿಸಿಲ ಶಾಖ ಒಳಗೆ ಎಳ್ಕೊಳ್ಳುತ್ತೆ, ಥರ್ಮಾಕೋಲ್ ಎಳ್ಕೊಳ್ಳಲ್ಲ, ಶಾಖ ಎಲ್ಲಾ ಆ ಕೆಲವು ಮಿಲಿಮೀಟರ್ ಗಾರೇಲೇ ನಿಂತು ಬಿಡುತ್ತೆ. ದಕ್ಷಿಣದ ಗೋಡೆಗೆ ಕಪ್ಪು ಬಳಿದ್ರೆ ಬೇಸಿಗೆ ಹಗಲಲ್ಲಿ ಕಾದು ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ, ಎರಡು ಮೂರು ವರ್ಷಕ್ಕೆ ಬಿರುಕು, ಬಿರುಕಲ್ಲಿ ಮಳೆ ನೀರು. ಹಾಗಾಗಿ ಬಣ್ಣಕ್ಕೆ ಒಂದು ಅಂಕಿ ನೋಡ್ತಾರೆ, ಎಷ್ಟು ಬೆಳಕನ್ನ ವಾಪಸ್ ಎಸೆಯುತ್ತೆ ಅಂತ, ಅಚ್ಚ ಕಪ್ಪು 0, ಅಚ್ಚ ಬಿಳಿ 100. ಇಂಥ ಗೋಡೆಗೆ ಸಾಮಾನ್ಯವಾಗಿ 20ಕ್ಕಿಂತ ಕೆಳಗಿನ ಬಣ್ಣ ಬಳಸೋ ಹಾಗಿಲ್ಲ. ಇವರ ರಾತ್ರಿ ಬಣ್ಣ 6ರ ಹತ್ರ ಇತ್ತು. ಕಣ್ಣಿಗೆ ಕಪ್ಪಾಗಿ ಕಂಡ್ರೂ ಬಿಸಿಲಿನ ಶಾಖ ವಾಪಸ್ ಎಸೆಯೋ ಪಿಗ್ಮೆಂಟ್ ಇರೋ ಪೇಂಟ್ ಸಿಗುತ್ತೆ, ಆದ್ರೆ ಇನ್ನೂರು ಚದರ ಮೀಟರ್ ಗೋಡೆ, ಎರಡು ಕೋಟ್, ಅಂದ್ರೆ ಎಪ್ಪತ್ತು ಲೀಟರ್ ಆಸುಪಾಸು, ನಮ್ಮ ಬಜೆಟ್ಟಿಗೆ ಎಟುಕ್ಲಿಲ್ಲ. ಗೋಡೆ ಥರ್ಮಾಕೋಲ್ ಹಾಸಿದ್ದು ಅನ್ನೋದು ಮಾರ್ಚ್‌ನಿಂದ ನಮ್ಮ ಫೈಲಲ್ಲಿತ್ತು. ಕಲಾವಿದರಿಗೆ ಗೋಡೆ ಫೋಟೋ ಕಳಿಸಿದ್ವಿ, ಅಳತೆ ಕಳಿಸಿದ್ವಿ, ಈ ಒಂದು ಸಾಲು ಕಳಿಸ್ಲಿಲ್ಲ. ಖಾರ್ಕಿವ್‌ನಲ್ಲಿ ಉಳಿದ ಆ ಜೊತೆಗಾರ ಒಂದೂವರೆ ತಿಂಗಳು ಕೂತು ಮಾಡಿದ ಸ್ಕೆಚ್ಚು.

ಅವತ್ತು ರಾತ್ರಿ ಖಾರ್ಕಿವ್‌ಗೆ ವಿಡಿಯೋ ಕಾಲ್. ನಾನು ಕ್ಷಮೆ ಕೇಳೋಕೆ ತಯಾರಾಗಿ ಕೂತಿದ್ದೆ. ಆತ ಅಂಕಿ ಕೇಳಿದ್ರು, ಯೋಚನೆ ಮಾಡಿದ್ರು, ಆಮೇಲೆ ಅವರಿಬ್ಬರು ತಮ್ಮ ಭಾಷೇಲಿ ಒಂದು ಗಂಟೆ ಮಾತಾಡ್ಕೊಂಡ್ರು. ರಾತ್ರಿ ಬೇಡ, ಡಿಸೆಂಬರ್ ಸಂಜೆ ನಾಲ್ಕು ಗಂಟೆ ಮಾಡೋಣ ಅಂದ್ರು. ಖಾರ್ಕಿವ್‌ನಲ್ಲಿ ಆ ಹೊತ್ತಿಗೆ ಹಗಲು ಮುಗಿದು ಹಿಮ ಬಿದ್ದ ಬೂದು ನೀಲಿ ಇರುತ್ತಂತೆ, ಕರೆಂಟ್ ಹೋಗೋ ಟೈಮ್ ಟೇಬಲ್‌ನಲ್ಲಿ ತಮ್ಮ ಸರದಿ ಕಾಯ್ತಾ ಎಲ್ಲರೂ ಆ ಬೆಳಕಲ್ಲೇ ಅರ್ಧಂಬರ್ಧ ಕೆಲಸ ಮುಗಿಸ್ಕೊಳ್ಳೋ ಹೊತ್ತು. ಬೂದು ನೀಲಿ 26 ಬಂತು. ಕಪ್ಪು ಬರೀ ಕಿಟಕಿ ಚೌಕಟ್ಟಿಗೆ, ಸಣ್ಣ ಸಣ್ಣ ಜಾಗಕ್ಕೆ ಮಾಲೀಕರೂ ಒಪ್ಪಿದ್ರು. ಚಿತ್ರ ಮೊದಲಿಗಿಂತ ಚೆನ್ನಾಗಾಯ್ತು ಅಂತ ಆಮೇಲೆ ಬಹಳ ಜನ ಹೇಳಿದ್ರು, ನಾನು ಹೇಳಲ್ಲ. ಆ ಕಪ್ಪು ರಾತ್ರಿ ಸ್ಕೆಚ್ಚು ನನ್ನ ಹತ್ರ ಇದೆ, ಅದೂ ಒಂದು ಗೋಡೆ ಆಗ್ಬೇಕಿತ್ತು.

ಕೆಲಸ ಶುರು ಮಾಡೋಕೆ ಮುಂಚೆ ಅವರು ಒಂದು ಷರತ್ತು ಹಾಕಿದ್ರು, ಕಟ್ಟಡದಲ್ಲಿ ಇರೋರ ಜೊತೆ ಕೂತು ಮಾತಾಡ್ಬೇಕು ಅಂತ. ನಮ್ಮ ಶೆಡ್ಯೂಲ್‌ನಲ್ಲಿ ಅದು ಇರ್ಲಿಲ್ಲ, ನೋಟಿಸ್ ಅಂಟಿಸೋದು ಅಂತ ಮಾತ್ರ ಇತ್ತು. ಅವರು ಹೇಳಿದ ಕಾರಣ ಇದು: 2014ರ ನಂತರ ಕೀವ್‌ನಲ್ಲಿ ಮ್ಯೂರಲ್‌ಗಳ ಸುಗ್ಗಿ. ಫ್ರಾನ್ಸಿನ ಸೆತ್ ಬಂದು ಅಲ್ಲಿಯ ಕಿಸ್ಲೋವ್ ಜೊತೆ ಆಂಡ್ರಿಯಿವ್ಸ್ಕಿ ಇಳಿಜಾರಿನ ಹತ್ರ "ಪುನರ್ಜನ್ಮ" ಅನ್ನೋ ಹುಡುಗಿ ಚಿತ್ರ ಬರೆದ್ರು, 2015ರಲ್ಲಿ ಆಸ್ಟ್ರೇಲಿಯಾದ ಗೀಡೋ ವಾನ್ ಹೆಲ್ಟನ್ ಸ್ಟ್ರಿಲೆಟ್ಸ್ಕಾ ಬೀದೀಲಿ ಕವಯಿತ್ರಿ ಲೆಸ್ಯಾ ಉಕ್ರಾಯಿಂಕಾ ಚಿತ್ರ ಮಾಡಿದ್ರು, ಆಮೇಲೆ ಸಾಲಾಗಿ ಎಷ್ಟೋ ದೇಶದವರು. ಕೆಲವು ಅದ್ಭುತ. ಆದ್ರೆ ಅಷ್ಟು ಗೋಡೆಗಳ ಮಧ್ಯೆ, ದಿನಾ ಬೆಳಗ್ಗೆ ಅದನ್ನ ನೋಡ್ಕೊಂಡು ಕೆಲಸಕ್ಕೆ ಹೋಗೋರನ್ನ ಯಾರೂ ಕೇಳ್ಲಿಲ್ಲ ಅನ್ನೋ ಮಾತು ಆ ಊರಲ್ಲೇ ಎದ್ದಿತ್ತು. "ನಮ್ಮೂರಿಗೆ ಬಂದು ಹೋದವರ ಥರ ನಾನು ನಿಮ್ಮೂರಲ್ಲಿ ಮಾಡಲ್ಲ" ಅಂದ್ರು.

ಹಾಗಾಗಿ ಅಂಗಳದಲ್ಲಿ ಬೆಂಚು ಹಾಕಿ, ಟೀ ಇಟ್ಟು ಕೂತ್ವಿ. ಲಿಶ್ಟನ್‌ಬರ್ಗ್‌ನಲ್ಲಿ ಪೂರ್ವ ಜರ್ಮನಿ ಕಾಲಕ್ಕೆ ಫ್ಯಾಕ್ಟರಿ ಕೆಲಸಕ್ಕೆ ಬಂದ ವಿಯೆಟ್ನಾಂನವರು ಬಹಳ, ಆಮೇಲೆ ತೊಂಬತ್ತರ ದಶಕದಲ್ಲಿ ಕಜಕಿಸ್ತಾನ, ರಷ್ಯಾ ಕಡೆಯಿಂದ ಬಂದ ಜರ್ಮನ್ ಮೂಲದವರು, ಅವರ ಮನೆಮಾತು ರಷ್ಯನ್. ಇಪ್ಪತ್ತೆಂಟು ಜನ ಬಂದಿದ್ರು. ಕಜಕಿಸ್ತಾನದಿಂದ ಬಂದ ಒಬ್ಬ ಹಿರಿಯರು ಎದ್ದು ನಿಂತು, ನಮ್ಮ ಗೋಡೆ ಮೇಲೆ ರಾಜಕೀಯ ಬೇಡ ಅಂದ್ರು, ದನಿ ಸ್ವಲ್ಪ ಏರಿತ್ತು. ನನ್ನ ಎದೆ ಡವಡವ. ಖಾರ್ಕಿವ್‌ನವರು ಅವರ ಹತ್ರ ಹೋಗಿ ಪಕ್ಕದಲ್ಲಿ ಕೂತು ರಷ್ಯನ್‌ನಲ್ಲೇ ಮಾತಾಡಿದ್ರು, ತಾವಾಗೇ ಆರಿಸ್ಕೊಂಡು. ಏನು ಕೇಳಿದ್ರು ಅಂತ ಆಮೇಲೆ ನನಗೆ ಹೇಳಿದ್ರು: ನಿಮ್ಮ ಬಾಲ್ಕನೀಲಿ ಏನೇನಿದೆ? ಆ ಹಿರಿಯರು ಒಂದು ಕ್ಷಣ ತಡೆದು, ಉಪ್ಪಿನಕಾಯಿ ಸೌತೆಯ ಭರಣಿಗಳು, ಹೆಂಡತಿ ಹೋದ ಮೇಲೂ ಪ್ರತಿ ವರ್ಷ ಹಾಕ್ತೀನಿ ಅಂದ್ರಂತೆ. ಆಮೇಲೆ ಎಲ್ಲರೂ ಹೇಳೋಕೆ ಶುರು. ವಿಯೆಟ್ನಾಂನ ಒಬ್ಬ ಅಜ್ಜಿ ಕುಂಡದಲ್ಲಿ ಬೆಳೆದ ಸೊಪ್ಪುಗಳ ಹೆಸರು ಒಂದೊಂದಾಗಿ ಹೇಳಿದ್ರು, ಒಬ್ಬ ಹುಡುಗ ಮುರಿದ ಸೈಕಲ್ ಅಂದ, ಬೆಕ್ಕು ಅಂದ್ರು, ಒಬ್ಬಾಕೆ ಏನೂ ಇಲ್ಲ, ಕುರ್ಚಿ ಒಂದೇ ಅಂದ್ರು. ಇದೆಲ್ಲ ಸಾಲ್ಟಿವ್ಕಾದ ಮೂವತ್ತು ಕಿಟಕಿಗಳಿಗೆ ಹೋಯ್ತು. ಭರಣಿಗಳು ನಾಲ್ಕನೇ ಮಹಡಿ ಎಡಕ್ಕಿವೆ, ಟಾರ್ಚ್ ಬೆಳಕು ಅದರ ಹಿಂದಿಂದ ಬರುತ್ತೆ.

ಆ ಎರಡು ಗಂಟೆಗೆ ನಮಗೆ ಒಂದು ಇಡೀ ದಿನದ ಲಿಫ್ಟ್ ಬಾಡಿಗೆ ಹೋಯ್ತು ಅಂತ ಆಫೀಸಲ್ಲಿ ಮಾತು ಬಂತು. ಹೋಗ್ಲಿ. ಆಮೇಲೆ ಕೊನೆವರೆಗೂ ಒಬ್ಬರೂ ದೂರು ಕೊಡ್ಲಿಲ್ಲ, ಸಂಜೆ ಸಂಜೆ ಯಾರಾದ್ರೂ ಸೂಪ್ ತಂದು ಕೊಡೋರು.

ಗೋಡೆಗೆ ಸ್ಕೆಚ್ ಎತ್ತಿ ಕೂರಿಸೋದು ಹೇಗೆ, ಆತ ಇಲ್ದೆ? ಇಲ್ಲಿ ಒಂದು ಹಳೇ ಉಪಾಯ ಬಹಳ ಚೆನ್ನಾಗಿ ಕೆಲಸ ಮಾಡ್ತು. ಚೌಕ ಚೌಕ ಗೆರೆ ಎಳೆಯೋ ಬದಲು ಗೋಡೆ ತುಂಬ ಮನಸ್ಸಿಗೆ ಬಂದಿದ್ದು ಗೀಚೋದು, ಅಕ್ಷರ, ಅಂಕಿ, ಸುರುಳಿ, ಒಂದರ ಹಾಗೆ ಇನ್ನೊಂದು ಇರಬಾರದು. ಅದರ ಫೋಟೋ ತೆಗೆದು, ಫೋಟೋ ಮೇಲೆ ಸ್ಕೆಚ್ಚನ್ನ ಪಾರದರ್ಶಕವಾಗಿ ಕೂರಿಸಿದ್ರೆ ಯಾವ ಗೆರೆ ಯಾವ ಗೀಚಿನ ಪಕ್ಕ ಹಾಯುತ್ತೆ ಅಂತ ಲಿಫ್ಟ್ ಮೇಲೆ ನಿಂತವರಿಗೆ ಗೊತ್ತಾಗುತ್ತೆ. ಹುಡುಗಿ ಸಾಲ್ಟಿವ್ಕಾದ ಬೀದಿ ಹೆಸರುಗಳನ್ನ ಬರೆದ್ಲು, ಆಮೇಲೆ ನನ್ನ ಕೈಗೆ ಬ್ರಷ್ ಕೊಟ್ಟು ನಿಮ್ಮ ಅಕ್ಷರ ಬರೀರಿ ಅಂದ್ಲು. ನಾನು ಕೆಳಗಿನ ಎರಡು ಮಹಡಿ ಅಷ್ಟೂ ಕನ್ನಡ ವರ್ಣಮಾಲೆ ಬರೆದೆ. ಖಾರ್ಕಿವ್‌ನಿಂದ ಆತ ಮೆಸೇಜ್ ಮಾಡಿದ್ರು, ಈ ದುಂಡಗಿನ ಅಕ್ಷರಗಳು ಒಂದಕ್ಕೊಂದು ಬೆರೆಯಲ್ಲ, ಗುರುತಿಗೆ ಬಹಳ ಚೆನ್ನಾಗಿವೆ, ಇನ್ನೂ ಮೇಲೆ ಬೇಕು ಅಂತ. ಆತ ತನ್ನ ಮನೇಲಿ ಕೂತು ಟ್ಯಾಬ್ಲೆಟ್ ಮೇಲೆ ಪ್ರತಿ ಭಾಗ ಜೋಡಿಸಿ ಟೆಲಿಗ್ರಾಂನಲ್ಲಿ ಕಳಿಸೋರು, ಇವರು ಮೇಲೆ ಎಳೆಯೋರು. ನಡುವೆ ಅಲ್ಲಿ ಸೈರನ್ ಆದ್ರೆ ಇಲ್ಲಿ ಕೆಲಸ ನಿಲ್ಲುತ್ತಿತ್ತು. ಹಾಗಾಗಿ ಆತ "ಬರ್ಲಿಲ್ಲ" ಅನ್ನೋ ಮಾತನ್ನ ನಾನು ಒಪ್ಪಲ್ಲ. ಆದ್ರೆ ನಮ್ಮ ಲೆಕ್ಕಪತ್ರದವರು ಹಾಗೇ ಅಂದ್ರು, ಬಂದಿಲ್ಲ ಅಂದ್ಮೇಲೆ ಸಂಭಾವನೆ ಇಲ್ಲ ಅಂತ. ಮೂರು ವಾರ ಅದೇ ಜಗಳ. ಕೊನೆಗೆ ಡಿಸೈನ್ ಫೀ ಅಂತ ಬರೆದು ಪೂರ್ತಿ ಅವರ ಪಾಲು ಕಳಿಸಿದ್ವಿ. ಇಬ್ಬರಿಗೂ ಕೂಡ ದುಡ್ಡು ಕೆಲಸ ಮುಗಿದ ಮೇಲೆ ಅಂತ ಇತ್ತು ಅಗ್ರಿಮೆಂಟ್, ಮನೇಲಿ ಆರು ವಾರ ಸಂಬಳ ಇಲ್ದೆ ಇರೋರಿಗೆ ಅದು ಹೇಗೆ ಸಾಧ್ಯ ಅಂತ ಬರೆದವರು ಯೋಚಿಸಿರ್ಲಿಲ್ಲ. ಈಗ ಅರ್ಧ ದುಡ್ಡು ಹೊರಡೋಕೆ ಮುಂಚೆ ಕೊಡ್ತೀವಿ.

ಆಗಸ್ಟ್ 24 ಉಕ್ರೇನಿನ ಸ್ವಾತಂತ್ರ್ಯ ದಿನ. ನಮ್ಮ ಕಮ್ಯುನಿಕೇಶನ್ ಟೀಮ್ ಗೋಡೆ ಮುಂದೆ ಹಳದಿ ನೀಲಿ ಬಾವುಟ, ಸೂರ್ಯಕಾಂತಿ ಹೂವು ಇಟ್ಟು ಫೋಟೋ ತೆಗೆಯೋ ಪ್ಲಾನ್ ಹಾಕಿತ್ತು. ಖಾರ್ಕಿವ್‌ನವರು ಬೇಡ ಅಂದಾಗ ಬೇಜಾರು ಮಾಡ್ಕೊಂಡ್ರು, ನಾವು ನಿಮ್ಮ ಪರವಾಗೇ ಅಲ್ವಾ ಮಾಡ್ತಿರೋದು ಅಂತ. ಅವರು ಹೇಳಿದ್ದು, ಬಾವುಟ ಬೇಕಾದಾಗ ನಾನೇ ಹಿಡೀತೀನಿ, ಇಲ್ಲಿ ನಾನು ಗೋಡೆ ಕೆಲಸಕ್ಕೆ ಬಂದಿರೋಳು, ಗೋಡೆ ನೋಡಿ. ಅವತ್ತು ಅವರಿಬ್ಬರೂ ಸ್ಟುಡಿಯೋದಲ್ಲಿ ಬೋರ್ಶ್ ಅನ್ನೋ ಬೀಟ್‌ರೂಟ್ ಸೂಪ್ ಮಾಡಿದ್ರು, ಬಾಗಿಲು ಹಾಕ್ಕೊಂಡು ಮನೆಗೆ ಫೋನ್ ಮಾಡಿದ್ರು.

ಸೆಪ್ಟೆಂಬರ್ ಮೊದಲ ವಾರದಲ್ಲಿ ಇನ್ನೊಂದು ದೊಡ್ಡದು. ಕೊನೇ ವಾರದ ಓಪನ್ ಡೇಗೆ ಒಂದು ಪ್ಯಾನೆಲ್ ಚರ್ಚೆ ಇತ್ತು, ಪೋಸ್ಟರ್ ಬಂದಾಗಲೇ ನಮಗೆಲ್ಲ ಗೊತ್ತಾಗಿದ್ದು, ಖಾರ್ಕಿವ್‌ನವರ ಪಕ್ಕದಲ್ಲಿ ದೇಶ ಬಿಟ್ಟು ಬಂದ ಒಬ್ಬ ರಷ್ಯನ್ ಕಲಾವಿದರನ್ನ ಕೂರಿಸಿ "ಶಾಂತಿಯ ಮಾತು" ಅಂತ ಹೆಸರಿಟ್ಟಿದ್ರು. ಇಬ್ಬರನ್ನೂ ಕೇಳಿರ್ಲಿಲ್ಲ. ಖಾರ್ಕಿವ್‌ನವರು ನನಗೆ ಮೆಲ್ಬರ್ನ್ ವಿಷಯ ನೆನಪಿಸಿದ್ರು. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಪೀಟರ್ ಸೀಟನ್ ಅನ್ನೋ ಕಲಾವಿದ ಒಬ್ಬ ರಷ್ಯನ್ ಸೈನಿಕ ಒಬ್ಬ ಉಕ್ರೇನ್ ಸೈನಿಕ ತಬ್ಬಿಕೊಂಡಿರೋ ದೊಡ್ಡ ಮ್ಯೂರಲ್ ಮಾಡಿದ್ರು, ಶಾಂತಿ ಸಂದೇಶ ಅಂತಲೇ. ಆಸ್ಟ್ರೇಲಿಯಾದಲ್ಲಿದ್ದ ಉಕ್ರೇನಿನವರಿಗೆ ಅದು ಸಂಕಟ ಆಯ್ತು, ನುಗ್ಗಿದವನನ್ನೂ ಮನೆಯವನನ್ನೂ ಒಂದೇ ತಕ್ಕಡೀಲಿ ಇಟ್ಟ ಹಾಗೆ ಅಂತ, ಅವರ ರಾಯಭಾರಿ ಕೂಡ ಮಾತಾಡಿದ್ರು, ಕೊನೆಗೆ ಸೀಟನ್ ತಾವೇ ಕ್ಷಮೆ ಕೇಳಿ ಅದರ ಮೇಲೆ ಬಣ್ಣ ಬಳಿದು ಮುಚ್ಚಿದ್ರು. "ಆತ ಕೆಟ್ಟವರಲ್ಲ, ನಮ್ಮನ್ನ ಕೇಳ್ಲಿಲ್ಲ ಅಷ್ಟೆ. ನೀವೂ ಕೇಳ್ಲಿಲ್ಲ. ನನ್ನ ಜೊತೆಗಾರ ಗಡಿ ದಾಟೋಕಾಗ್ದೆ ಕೂತಿರುವಾಗ ಅವನ ಕುರ್ಚೀಲಿ ಇನ್ಯಾರನ್ನೋ ಕೂರಿಸಿ ಶಾಂತಿ ಅಂದ್ರೆ ನಾನು ಆ ಸ್ಟೇಜ್ ಹತ್ತಲ್ಲ." ನಾನು ಅವರ ಕಡೆ ನಿಂತೆ. ಆ ರಷ್ಯನ್ ಕಲಾವಿದರಿಗೆ ಫೋನ್ ಮಾಡಿದ್ರೆ ಅವರೂ ತಕ್ಷಣ ಹಿಂದೆ ಸರಿದ್ರು, ಅವರಿಗೂ ಮುಜುಗರ ಆಗಿತ್ತು. ಪೋಸ್ಟರ್ ಕಿತ್ತು ಹೊಸದು ಹಾಕಿದ್ವಿ, ಆ ಸಂಜೆ ಬದಲಿಗೆ ಖಾರ್ಕಿವ್‌ನವರು ಒಬ್ಬರೇ ಉಕ್ರೇನಿನ ಗೋಡೆ ಚಿತ್ರಗಳ ಬಗ್ಗೆ ಮಾತಾಡಿದ್ರು.

ಆ ಮಾತಿನ ಬೀಜ ಬಿದ್ದಿದ್ದು ಒಂದು ಭಾನುವಾರ ಬರ್ಲಿನ್ ನಡುವಿನ ಅಲೆಕ್ಸಾಂಡರ್‌ಪ್ಲಾಟ್ಸ್ ಚೌಕದಲ್ಲಿ. ಅಲ್ಲಿ ಶಿಕ್ಷಕರ ಭವನದ ಸುತ್ತ ವಾಲ್ಟರ್ ವೋಮಾಕ್ಕಾ 1964ರಲ್ಲಿ ಮಾಡಿದ ಮೊಸಾಯಿಕ್ ಪಟ್ಟಿ ಇದೆ, 7 ಮೀಟರ್ ಎತ್ತರ, ಸುತ್ತಳತೆ ಸುಮಾರು 127 ಮೀಟರ್, ಲಕ್ಷಾಂತರ ಚೂರುಗಳು. ನಾನು ದಿನಾ ಅದರ ಕೆಳಗೆ ಟ್ರಾಮ್ ಹತ್ತೋಳು, ನೋಡೇ ಇರ್ಲಿಲ್ಲ. ಅದರ ಮುಂದೆ ನಿಂತು ಅವರು ಉಕ್ರೇನಿನ ಕಲಾವಿದೆ ಆಲ್ಲಾ ಹೋರ್ಸ್ಕಾ ಬಗ್ಗೆ ಹೇಳಿದ್ರು. 1967ರಲ್ಲಿ ಗೆಳೆಯರ ಜೊತೆ ಸೇರಿ ಮರಿಯುಪೋಲ್‌ನಲ್ಲಿ ಹಕ್ಕಿ ಮತ್ತು ಜೀವವೃಕ್ಷದ ಮೊಸಾಯಿಕ್ ಮಾಡಿದಾಕೆ, ಸೋವಿಯತ್ ಸರ್ಕಾರವನ್ನ ಎದುರು ಹಾಕ್ಕೊಂಡಾಕೆ, 1970ರ ನವೆಂಬರ್‌ನಲ್ಲಿ ಕೊಲೆಯಾದ್ರು. ಆ ಮೊಸಾಯಿಕ್‌ಗಳು 2022ರಲ್ಲಿ ಮರಿಯುಪೋಲ್ ಮೇಲೆ ದಾಳಿ ಆದಾಗ ಹಾಳಾದ್ವು. ಅದಕ್ಕೂ ಹಿಂದೆ ಮಿಖೈಲೋ ಬೊಯ್ಚುಕ್, ಗೋಡೆ ಚಿತ್ರಕ್ಕೇ ಒಂದು ಶಾಲೆ ಕಟ್ಟಿದ ಗುರು, ಅವರನ್ನ 1937ರಲ್ಲಿ ಸೋವಿಯತ್ ಸರ್ಕಾರದವರು ಗುಂಡಿಕ್ಕಿ ಕೊಂದ್ರು, ಹೆಂಡತಿಯನ್ನೂ ಅದೇ ವರ್ಷ. ಅವರ ಗೋಡೆಗಳನ್ನ ಬಹುಪಾಲು ನಾಶ ಮಾಡಿದ್ರು. ಸಾಶಾ ಕೊರ್ಬಾನ್ 2018ರಲ್ಲಿ ಮರಿಯುಪೋಲ್‌ನಲ್ಲಿ ಮಾಡಿದ "ಮಿಲಾನಾ", ಶೆಲ್ ದಾಳೀಲಿ ತಾಯಿಯನ್ನ ಕಳ್ಕೊಂಡ ಪುಟ್ಟ ಹುಡುಗಿ ಚಿತ್ರ, ಅದನ್ನೂ ಊರು ಹಿಡಿದ ರಷ್ಯನ್ನರು ಅಳಿಸಿದ್ರು. "ನಮ್ಮಲ್ಲಿ ಗೋಡೆ ಬರೆಯೋರು ಉಳಿಯುತ್ತೆ ಅಂತ ಬರೆಯಲ್ಲ" ಅಂದ್ರು. ಇಂಜಿನಿಯರ್ ಬಿರುಕು, ಬಾಳಿಕೆ ಅಂತ ಅಷ್ಟು ಮಾತಾಡಿದಾಗ ಅವರು ಯಾಕೆ ಸುಮ್ನೆ ಕೇಳ್ತಾ ಕೂತಿದ್ರು ಅಂತ ನನಗೆ ಆಗ ತಿಳೀತು.

ಹುಡುಗಿ ವಿಷಯ ಬೇರೆ. ಅವಳಿಗೆ ಪೆಟ್ರಿಕಿವ್ಕಾ ಬರುತ್ತೆ, ದ್ನಿಪ್ರೋ ಸೀಮೆಯ ಆ ಹಳ್ಳಿಯ ಹೂಬಳ್ಳಿ ಚಿತ್ರಕಲೆ, 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ್ದು, ಮೊದಲು ಹಳ್ಳಿ ಮನೆಗಳ ಸುಣ್ಣದ ಗೋಡೆ, ಒಲೆ ಸುತ್ತ ಹೆಂಗಸರು ಬರೀತಿದ್ದಿದ್ದು. ಬೆಕ್ಕಿನ ಕೂದಲಿನ ಸಣ್ಣ ಕುಂಚ, ಹಣ್ಣಿನ ಚುಕ್ಕಿ ಇಡೋಕೆ ಬೆರಳು. ಅದನ್ನ ನೋಡಿ ನಾನು ನಮ್ಮ ಕಡೆ ದೀವರ ಮನೆಗಳ ಹಸೆ ಚಿತ್ತಾರದ ಫೋಟೋ ತೋರಿಸ್ದೆ, ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಅಲ್ಲೂ ಬರೆಯೋರು ಹೆಂಗಸರೇ. ಅವಳು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿ, ಕುಂಚದ ನಾರನ್ನ ಜಜ್ಜಿ ಮಾಡ್ತಾರಾ, ಕತ್ತರಿಸಿ ಮಾಡ್ತಾರಾ ಅಂತ ಕೇಳಿದ್ಲು. ನಾನು ಊರಿಗೆ ಫೋನ್ ಮಾಡಿ ಅಮ್ಮನ್ನ ಕೇಳಿ ಹೇಳ್ಬೇಕಾಯ್ತು. ಐದನೇ ಮಹಡಿಯ ಒಂದು ಕಿಟಕಿ ಪರದೆ ಮೇಲೆ ಅವಳ ಹೂಬಳ್ಳಿ ಇದೆ, ಲಿಫ್ಟ್ ಬುಟ್ಟೀಲಿ ನಿಂತು ಎರಡು ದಿನ ಬೆರಳಲ್ಲೇ ಚುಕ್ಕಿ ಇಟ್ಲು.

ಈಗ ನಾನು ಬರೆಯೋಕೆ ಹಿಂದೆ ಮುಂದೆ ನೋಡ್ತಿದ್ದ ಭಾಗ. ಖಾರ್ಕಿವ್‌ನವರ ಫೋನಲ್ಲಿ ಏರ್ ಅಲರ್ಟ್ ಆ್ಯಪ್ ಯಾವಾಗ್ಲೂ ಆನ್, ಅಮ್ಮ ಅಲ್ಲಿದಾರಲ್ಲ. ಖಾರ್ಕಿವ್ ರಷ್ಯಾ ಗಡಿಯಿಂದ ಸುಮಾರು 30 ಕಿಲೋಮೀಟರ್, ಮಿಸೈಲ್ ಬೀಳೋಕೆ ಒಂದು ನಿಮಿಷ ಕೂಡ ಬೇಡ, ಎಷ್ಟೋ ಸಲ ಸೈರನ್‌ಗಿಂತ ಮೊದಲೇ ಬೀಳುತ್ತೆ. ರಾತ್ರಿ ಅದು ಕೂಗಿದಾಗ ಪಕ್ಕದ ರೂಮಿನ ಕಲಾವಿದರಿಗೆ ನಿದ್ದೆ ಕೆಡ್ತಿತ್ತು, ಅದಕ್ಕೆ ಅವರಿಗೆ ಕೊನೆಯ ರೂಮು ಕೊಟ್ವಿ, ಅಷ್ಟು ಸರಿ ಮಾಡಿದ್ವಿ. ಸೆಪ್ಟೆಂಬರ್ 14, ಗುರುವಾರ, ಬೆಳಗ್ಗೆ 11 ಗಂಟೆ. ಜರ್ಮನಿಯಲ್ಲಿ ವರ್ಷಕ್ಕೊಮ್ಮೆ ವಾರ್ನ್‌ಟಾಗ್ ಅಂತ ಮಾಡ್ತಾರೆ, ದೇಶದ ಅಪಾಯ ಸೂಚನೆ ವ್ಯವಸ್ಥೆ ಪರೀಕ್ಷೆ, ಇಡೀ ದೇಶದ ಮೊಬೈಲ್‌ಗಳು ಒಂದೇ ಸಲ ಕಿರುಚ್ತವೆ, ಸೈಲೆಂಟಲ್ಲಿ ಇದ್ರೂನೂ. ನನಗೆ ಗೊತ್ತಿತ್ತು. ಮೆಟ್ಟಿಲ ಹತ್ರ ಜರ್ಮನ್‌ನಲ್ಲಿ ನೋಟಿಸ್ ಇತ್ತು, ನನ್ನ ಇಮೇಲ್‌ನಲ್ಲೂ ಬಂದಿತ್ತು. ಹೇಳ್ಲಿಲ್ಲ. ಹೇಳ್ಬೇಕು ಅಂತ ಹೊಳೀಲೇ ಇಲ್ಲ.

ಇಬ್ಬರೂ ನಾಲ್ಕನೇ ಮಹಡಿ ಎತ್ತರದಲ್ಲಿ ಲಿಫ್ಟ್ ಬುಟ್ಟೀಲಿ ಇದ್ರು. ಅವರ ಫೋನು, ನನ್ನ ಫೋನು, ಅಂಗಳದಲ್ಲಿದ್ದ ಎಲ್ಲರ ಫೋನು, ತೆರೆದ ಕಿಟಕಿಗಳಿಂದ ಮನೆಯೊಳಗಿನ ಫೋನು, ಎಲ್ಲಾ ಒಟ್ಟಿಗೆ. ಖಾರ್ಕಿವ್‌ನವರು ಕಂಟ್ರೋಲ್ ಒತ್ತಿ ಲಿಫ್ಟ್ ಇಳಿಸಿದ ರೀತಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ, ಒಂದು ಚೂರೂ ಗಾಬರಿ ಇಲ್ಲ, ಸರಸರ. ಕೆಳಗೆ ಬಂದವರು ಹುಡುಗಿಯ ತೋಳು ಹಿಡಿದು ಮೆಟ್ಟಿಲ ಮನೆಯೊಳಗೆ ಓಡಿದ್ರು. ಹೊರಗಿನ ಜಗತ್ತಿಗೂ ನಿನಗೂ ನಡುವೆ ಎರಡು ಗೋಡೆ ಇರಬೇಕು ಅನ್ನೋದು ಅಲ್ಲಿ ಮಕ್ಕಳಿಗೂ ಗೊತ್ತಿರೋ ನಿಯಮ. ನಾನು ಹಿಂದೆ ಓಡಿ ಟೆಸ್ಟ್, ಟೆಸ್ಟ್ ಅಂತ ಕೂಗ್ತಿದ್ದೆ. ಹುಡುಗಿ ಅಳ್ತಾ ಇದ್ಲು. ಖಾರ್ಕಿವ್‌ನವರು ಅಳ್ಲಿಲ್ಲ, ಗೋಡೆಗೆ ಒರಗಿ ಕೂತು ನನ್ನನ್ನ ನೋಡಿ ಒಂದೇ ಮಾತು ಕೇಳಿದ್ರು, ನಿಮಗೆ ಮೊದಲೇ ಗೊತ್ತಿತ್ತಾ? ಹೌದು ಅಂದೆ. ಆ ಕಜಕಿಸ್ತಾನದ ಹಿರಿಯರು ಮೂರನೇ ಮಹಡಿಯಿಂದ ನೀರು ತಂದು ಕೊಟ್ಟು, ಅವರ ಪಕ್ಕ ಮೆಟ್ಟಿಲ ಮೇಲೇ ಕೂತ್ರು. ಅವತ್ತು ಕೆಲಸ ಆಗ್ಲಿಲ್ಲ, ಮಾರನೇ ದಿನವೂ ಇಲ್ಲ. ಮೂರನೇ ದಿನ ಗಾಳಿ. ಲಿಫ್ಟ್‌ಗೆ ಗಾಳಿ ಸೆಕೆಂಡಿಗೆ 12.5 ಮೀಟರ್ ದಾಟಿದ್ರೆ ಹತ್ತೋ ಹಾಗಿಲ್ಲ. ನಾಲ್ಕನೇ ದಿನ ಅವರೇ ಬೆಳಗ್ಗೆ ಏಳಕ್ಕೆ ಬಂದು ಹತ್ತಿದ್ರು.

ಈಗ ನಮ್ಮಲ್ಲಿ ಒಂದು ಹಾಳೆ ಇರುತ್ತೆ, ರೆಸಿಡೆನ್ಸಿ ನಡೆಯೋ ದಿನಗಳಲ್ಲಿ ಎಲ್ಲೆಲ್ಲಿ ಪಟಾಕಿ, ಎಲ್ಲಿ ಸೈರನ್ ಪರೀಕ್ಷೆ, ಯಾವ ಮೈದಾನದ ಹತ್ರ ಹೆಲಿಕಾಪ್ಟರ್ ಇಳಿಯುತ್ತೆ, ಎಲ್ಲಿ ಕಟ್ಟಡ ಒಡೀತಾರೆ ಅಂತ. ಬಂದ ಮೊದಲ ದಿನವೇ ಅವರವರ ಭಾಷೇಲಿ ಕೈಗೆ ಕೊಡ್ತೀವಿ. ಯುದ್ಧದ ಊರಿಂದ ಬಂದವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಯಾರ ಕಿವೀಲಿ ಯಾವ ಸದ್ದಿದೆ ಅಂತ ಕೇಳ್ಕೊಂಡು ಹೋಗೋಕಾಗಲ್ಲ.

ಗೋಡೆ ಸೆಪ್ಟೆಂಬರ್ 23ರ ಸಂಜೆ ಮುಗೀತು. ಬಲಗಡೆ ಕೆಳಗೆ ಮೂರು ಹೆಸರಿವೆ, ಮೊದಲನೇದು ಆತಂದು. ಓಪನ್ ಡೇ ದಿನ ಜನ ಚಿತ್ರದ ಮುಂದೆ ನಿಂತು ತಮ್ಮ ತಮ್ಮ ಬಾಲ್ಕನಿ ಹುಡುಕ್ತಾ ಇದ್ರು. ಯಾರೋ ಪತ್ರಿಕೆಯವರು ಬ್ರಿಟನ್ನಿನ ಗೋಡೆ ಕಲಾವಿದ ಬಾಂಕ್ಸಿ ಉಕ್ರೇನಿನ ಬೊರೊದ್ಯಾಂಕಾದಲ್ಲಿ ಮಾಡಿದ ಹಾಗೆ ಒಡೆದ ಗೋಡೆ, ಅವಶೇಷ ಯಾಕಿಲ್ಲ ಅಂತ ಕೇಳಿದ್ರು, ಖಾರ್ಕಿವ್‌ನವರು ಆ ವಿಯೆಟ್ನಾಂ ಅಜ್ಜಿಯ ಸೊಪ್ಪಿನ ಕುಂಡ ತೋರಿಸಿ ಅದರ ಹೆಸರು ಹೇಳಿಕೊಟ್ರು. ಇಬ್ಬರೂ ಮಾರನೇ ದಿನ ಟ್ರೈನ್ ಹತ್ತಿ ಹೊರಟ್ರು. ಇಲ್ಲೇ ಇರಬಹುದಲ್ಲ, ಇಲ್ಲಿ ಆಶ್ರಯ ಕೊಡ್ತಾರಲ್ಲ ಅಂತ ನಮ್ಮಲ್ಲಿ ಮೂರ್ನಾಲ್ಕು ಜನ ಹೇಳಿದ್ವಿ, ಒಳ್ಳೇ ಮನಸ್ಸಿಂದಲೇ. ಅವರಿಗೆ ಅದನ್ನ ಕೇಳಿ ಕೇಳಿ ಸಾಕಾಗಿತ್ತು ಅಂತ ಈಗ ಅನ್ಸುತ್ತೆ.

ಉಳಿದ ಪೇಂಟ್ ಡಬ್ಬಗಳನ್ನ ಕಟ್ಟಡದ ನೆಲಮಾಳಿಗೇಲಿ ಇಟ್ಟು ಹೋಗಿದ್ರು, ಒಂದೊಂದರ ಮೇಲೂ ಉಕ್ರೇನಿಯನ್‌ನಲ್ಲಿ ಚೀಟಿ, ಯಾವ ಕಿಟಕಿ, ಯಾವ ಬಣ್ಣಕ್ಕೆ ಎಷ್ಟು ಬೆರೆಸ್ಬೇಕು ಅಂತ. 2024ರ ಏಪ್ರಿಲ್ ಕೊನೇಲಿ ಮಳೆನೀರಿನ ಪೈಪ್ ಪಕ್ಕ ಅಂಗೈ ಅಗಲ ಬಣ್ಣ ಎದ್ದಿತ್ತು, ಕೆಳಗಿಂದ ಎರಡನೇ ಸಾಲಿನ ಕಿಟಕಿ ಹತ್ರ. ಗೋಡೆ ಕೆಲಸ ಬರೋರನ್ನ ಹಿಡಿಯೋಣ ಅಂತ ಅವರಿಗೆ ಬರೆದ್ರೆ, ಬೇಡ, ನೀನೇ ಹಚ್ಚು, ನಾನು ನೋಡ್ತೀನಿ ಅಂದ್ರು. ಮಾರ್ಚ್ 22ರ ದಾಳೀಲಿ ಖಾರ್ಕಿವ್‌ನ ಕರೆಂಟ್ ವ್ಯವಸ್ಥೆಗೆ ದೊಡ್ಡ ಏಟು ಬಿದ್ದು ಅಲ್ಲಿ ಗಂಟೆ ಲೆಕ್ಕದಲ್ಲಿ ಕರೆಂಟ್ ಕೊಡ್ತಿದ್ರು. ಅವರ ಕರೆಂಟ್ ಟೈಮಿಗೆ ಹೊಂದಿಸಿ ಒಂದು ಬುಧವಾರ ಏಣಿ ಹಾಕಿ, ಫೋನನ್ನ ಏಣಿಗೆ ಕಟ್ಟಿ, ಎದ್ದ ಬಣ್ಣ ಕೆರೆದು, ಪ್ರೈಮರ್ ಹಚ್ಚಿ ಒಣಗಿಸಿ, ಡಬ್ಬ ತೆರೆದು ಬೆರೆಸಿದೆ. ಬೂದು ಜಾಸ್ತಿ ಆಯ್ತು, ಬೆರಳಲ್ಲಿ ಹಚ್ಚಿ ತೋರಿಸು, ಇಲ್ಲ, ಇನ್ನೊಂದು ಹನಿ ನೀಲಿ ಅಂತ ಹೇಳ್ತಾ ಇದ್ರು. ಅರ್ಧ ಆಗಿತ್ತು, ಅಲ್ಲಿ ಕರೆಂಟ್ ಹೋಗಿ ಕಾಲ್ ಕಟ್ ಆಯ್ತು. ಡಬ್ಬದ ಮುಚ್ಚಳ ಬಿಗಿ ಮಾಡಿ ಇಟ್ಟು ಬಂದೆ, ಮಿಕ್ಕಿದ್ದು ಮಾರನೇ ದಿನ ಬೆಳಗ್ಗೆ ಆರಕ್ಕೆ ಅವರ ಸರದಿ ಬಂದಾಗ ಮುಗಿಸಿದ್ವಿ.